ಪಂಪಿನ ಹಣೆಯ ಕುಂಕುಮ

ತೀರ್ಥಹಳ್ಳಿಯ ಬಸ್ಸು ಮಧ್ಯಾಹ್ನ ಶೆಡ್ಡಿನೊಳಗೆ ಬಂದು ನಿಂತ ಕೂಡಲೇ ಗುತ್ಯಮ್ಮ ಡ್ರೈವರ್ ಬೆಳ್ಳಪ್ಪನನ್ನು ಕೇಳುತ್ತಿದ್ದ ಮೊದಲ ಮಾತು, "ಇವತ್ತು ಯಾರ್ ಹೊಟ್ಟೆ ತೊಳಸ್ತು?" ಎಂಬುದು. ಹಬ್ಬವಿರಲಿ, ಜ್ವರವಿರಲಿ, ಈ ಪ್ರಶ್ನೆ ತಪ್ಪಿದ್ದಿಲ್ಲ. ಬೇರೆಯವರು ಊಟವಾಯಿತೇ ಎಂದು ವಿಚಾರಿಸುವ ದನಿಯಲ್ಲೇ ವಿಚಾರಿಸುತ್ತಿದ್ದಳು.

"ಹೊಸನಗರದ ತಿರುವಲ್ಲಿ ಒಬ್ರು ಮೇಷ್ಟ್ರು. ಕಿಟಕಿ ಕಡೆ ತಿರುಗಕ್ಕೂ ಪುರುಸೊತ್ತಾಗ್ಲಿಲ್ಲ" ಎಂದು ಬೆಳ್ಳಪ್ಪ ಗಂಭೀರವಾಗಿ ಹೇಳುತ್ತಿದ್ದ.

"ಪಾಠ ಒಳಗೇ ಮಾಡಿದ್ರು ಅನ್ನು" ಎನ್ನುತ್ತ ಅವಳು ಬೂದಿಬುಟ್ಟಿ ಎತ್ತಿಕೊಂಡು ಬಸ್ಸು ಹತ್ತುತ್ತಿದ್ದಳು.

ಶರಾವತಿಯ ಹಿನ್ನೀರಿನಲ್ಲಿ ಊರು ಮುಳುಗಿದ ಮೇಲೆ ಗುತ್ಯಮ್ಮ ಸಾಗರಕ್ಕೆ ಬಂದವಳು. ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಮಂಜುನಾಥಪ್ಪನವರ ಬಸ್ ಶೆಡ್ಡಿನಲ್ಲಿ ಬಸ್ಸಿನ ಒಳಗೆ ಗುಡಿಸಿ ತೊಳೆಯುವ ಕೆಲಸ ಸಿಕ್ಕಿತು. ಆಮೇಲೆ ಪಂಪು ಬಂತು. ಮೋಟಾರಿನಿಂದ ಓಡುವ, ಪೈಪಿನ ಮೂತಿಯಿಂದ ರಭಸವಾಗಿ ನೀರು ಹಾರಿಸಿ ಬಸ್ಸು ತೊಳೆಯುವ ಪಂಪು. ಮೊದಲ ದಿನ ಪೈಪು ಹಾವಿನಂತೆ ಹೊರಳಿದ್ದು ಕಂಡು ಗಂಡಸರೆಲ್ಲ ಗೋಡೆಗೆ ಒರಗಿ ನಿಂತರು. ಗುತ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಕುತ್ತಿಗೆ ಹಿಡಿದಳು. ಅಂದಿನಿಂದ ಆ ಕೆಲಸವೂ ಅವಳದಾಯಿತು. ಒಳಗೆ ಬಗ್ಗಿ ಬಗ್ಗಿ ಸವೆದವಳಿಗೆ ಹೊರಗೆ ನೆಟ್ಟಗೆ ನಿಂತು ಮಾಡುವ ಈ ಕೆಲಸದಲ್ಲಿ ಎಷ್ಟು ಸಂತೋಷವೆಂದರೆ, ಬಸ್ಸಿನ ಚಕ್ರದ ಮೇಲೆ ಎಲೆಯಡಿಕೆ ಉಗಿದವರ ಕಡೆಗೆ ನೀರು ಆಗಾಗ ತಾನಾಗಿಯೇ ತಿರುಗುತ್ತಿತ್ತು.

ಪಂಪಿನ ತಲೆಯ ಮೇಲೊಂದು ತಿರುಪು. ಬಿಗಿ ಮಾಡಿದರೆ ನೀರಿನ ಒತ್ತಡ ಏರುತ್ತಿತ್ತು, ಸಡಿಲಿಸಿದರೆ ಇಳಿಯುತ್ತಿತ್ತು. ಎಷ್ಟು ಏರಿದೆ ಎಂದು ತೋರಿಸಲು ಪಕ್ಕದಲ್ಲೇ ದುಂಡು ಗಾಜಿನ ಮೀಟರು. ಗಾಜಿನೊಳಗಿನ ಮುಳ್ಳು ಕೆಂಪು ಗೆರೆ ದಾಟಬಾರದು. ತಿರುಪು ತಿರುಗಿಸುವವನು ಮೆಕ್ಯಾನಿಕ್ ಹರಿಹರ. ತನ್ನ ಕಡೆಯ ಒಬ್ಬನಿಗೆ ಪೈಪಿನ ಕೆಲಸ ಕೊಡಿಸಬೇಕೆಂದು ಅವನಿಗೆ ಆಸೆಯಿತ್ತು.

ಆಯುಧಪೂಜೆಗೆ ಹರಿಹರ ಪಂಪಿನ ತಿರುಪನ್ನೂ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದ. ಮಂಜುನಾಥಪ್ಪನವರ ಹೆಂಡತಿ ಮೀನಾಕ್ಷಮ್ಮ ಹರಿವಾಣ ಹಿಡಿದು ಬಂದು ಬಸ್ಸಿಗೆ, ಜಾಕಿಗೆ, ಸ್ಪ್ಯಾನರುಗಳಿಗೆ ಕುಂಕುಮ ಹಚ್ಚಿ ಪಂಪಿನ ಮುಂದೆ ನಿಂತರು. ಇದಕ್ಕೆ ಮುಖ ಯಾವುದು? ದುಂಡಗೆ ಹೊಳೆಯುತ್ತಿದ್ದದ್ದು ಆ ಮೀಟರು ಒಂದೇ. ಗಾಜಿನ ತುಂಬ ಅರಿಸಿನ ಬಳಿದು ನಡುವೆ ರೂಪಾಯಿಯಗಲ ಕುಂಕುಮ ಇಟ್ಟರು. ಎಲ್ಲರೂ ಕೈ ಮುಗಿದರು.

ಹಬ್ಬ ಕಳೆದು ಪಂಪು ಶುರು ಮಾಡುವ ಹೊತ್ತಿಗೆ ಮುಳ್ಳು ಕಾಣಿಸಲಿಲ್ಲ.

"ಗುತ್ಯಮ್ಮ, ಆ ಗಾಜು ಒಂಚೂರು ಒರ್ಸು" ಎಂದ ಹರಿಹರ.

"ಪೂಜೆ ಕುಂಕುಮ ನಾನ್ಯಾಕೆ ಅಳಿಸ್ಲಿ?"

"ನಿಂಗೇನು, ಗಂಡ ಹೋದೋಳು. ನಾನು ಸಂಸಾರಸ್ಥ."

"ನನ್ ಗಂಡ ಹೋದ ಹರಿಹರಯ್ಯ, ಪಂಪಿನ ಗಂಡ ಇದಾನಲ್ಲ. ಇಲ್ಲೇ ಎಣ್ಣೆ ಡಬ್ಬಿ ಹಿಡ್ಕಂಡು ನಿಂತಿದಾನೆ."

ಬೆಳ್ಳಪ್ಪ ನಕ್ಕು ನಕ್ಕು ಟೈರಿನ ಮೇಲೆ ಕುಳಿತುಬಿಟ್ಟ. ಹರಿಹರ ಮುಖ ಊದಿಸಿಕೊಂಡು, ಮುಳ್ಳು ನೋಡದೆಯೇ ತಿರುಪು ಬಿಗಿ ಮಾಡಿ ಮೋಟಾರು ಹಾಕಿದ.

ನೀರು ಬಡಿದ ಏಟಿಗೆ ಹಬ್ಬಕ್ಕೆಂದು ಬಸ್ಸಿಗೆ ಹೊಸದಾಗಿ ಬಳಿದಿದ್ದ ಹಳದಿ ಪಟ್ಟಿ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬಂತು. ಪೈಪು ಹಿಡಿದಿದ್ದ ಗುತ್ಯಮ್ಮ ಹಿಂದಕ್ಕೆ ಜಾರುತ್ತ ಹೋಗಿ ಕೆಸರಿನಲ್ಲಿ ಕೂತಳು. ಹರಿಹರ ಮೋಟಾರು ನಿಲ್ಲಿಸಿದ.

ಸದ್ದು ಕೇಳಿ ಮಂಜುನಾಥಪ್ಪ ಬಂದರು. ಬಸ್ಸು ನೋಡಿದರು.

"ನಾನು ಮೊದ್ಲೇ ಹೇಳಿದ್ದೆ ಸಾವ್ಕಾರ್ರೆ, ಹೆಂಗಸ್ರ ಕೈ ನಡುಗ್ತದೆ ಅಂತ" ಎಂದ ಹರಿಹರ.

"ನಾಳೆಯಿಂದ ಒಳಗಿನ ಕೆಲಸ ಅಷ್ಟೇ ಮಾಡು ಗುತ್ಯಮ್ಮ. ಪೈಪು ಬೇಡ" ಎಂದರು ಮಂಜುನಾಥಪ್ಪ.

ಗುತ್ಯಮ್ಮ ಎದ್ದು ನಿಂತಳು. ಮುಖ ಸಣ್ಣದಾಗಿತ್ತು, ದನಿ ಮಾತ್ರ ಬಹಳ ವಿನಯವಾಗಿತ್ತು. "ಆಗ್ಲಿ ಸಾವ್ಕಾರ್ರೆ. ಒಂದ್ಸಲ ನೀವೇ ಹಿಡ್ದು ತೋರ್ಸಿ. ಗಂಡಸ್ರ ಕೈ ಹೆಂಗಿರ್ತದೆ ನೋಡ್ಕಂತೀನಿ. ಬಸ್ಸಿಗೆ ಬ್ಯಾಡ, ಗೋಡೆಗೆ ಬಿಡಿ."

ನಾಲ್ಕು ಜನರೆದುರು ಇಲ್ಲ ಎನ್ನುವುದು ಹೇಗೆ? ಮಂಜುನಾಥಪ್ಪ ಪಂಚೆ ಎತ್ತಿ ಕಟ್ಟಿ ಪೈಪು ಹಿಡಿದರು, ಹರಿಹರ ಮತ್ತೆ ಮೋಟಾರು ಹಾಕಿದ. ನೀರು ಮೊದಲು ಗೋಡೆಗೆ ಬಡಿದು ವಾಪಸು ಚಿಮ್ಮಿ ಅವರ ಟೋಪಿ ಹಾರಿಸಿತು. ಅವರು ಟೋಪಿಯ ಕಡೆ ತಿರುಗಿದರು, ನೀರೂ ತಿರುಗಿತು. ಹರಿಹರ ತಲೆಯಿಂದ ಕಾಲಿನವರೆಗೆ ನೆಂದ. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಬಿಚ್ಚುತ್ತಿದ್ದ ಪಂಚೆ ಹಿಡಿದು ಅವರು ಕುಣಿಯುತ್ತಿದ್ದಾಗ ಬೆಳ್ಳಪ್ಪ ಓಡಿಹೋಗಿ ಮೋಟಾರು ನಿಲ್ಲಿಸಿದ. ಅವನು ಸ್ವಲ್ಪ ನಿಧಾನವಾಗಿಯೇ ಓಡಿದ ಎಂದು ಗುತ್ಯಮ್ಮ ಆಮೇಲೆ ಹೇಳುತ್ತಿದ್ದಳು.

"ಎಷ್ಟಿಟ್ಟಿದ್ದೀಯೋ ಹರಿಹರ ಒತ್ತಡ?" ಏದುಸಿರು ಬಿಡುತ್ತ ಕೇಳಿದರು.

ಹರಿಹರ ಗಾಜು ನೋಡಿದ. ಎಲ್ಲರೂ ನೋಡಿದರು.

"ಹರಿಹರಯ್ಯಂಗೂ ಕಾಣ್ಸಲ್ಲ ಸಾವ್ಕಾರ್ರೆ. ಅಮ್ಮಾವ್ರ ಕುಂಕುಮ ಅಡ್ಡ ಐತೆ" ಎಂದಳು ಗುತ್ಯಮ್ಮ.

ಮಂಜುನಾಥಪ್ಪ ಹೆಗಲ ಟವಲು ತೆಗೆದು ಗಾಜಿನ ಹತ್ತಿರ ಒಯ್ದರು. ಮನೆಯ ಕಡೆ ಒಮ್ಮೆ ನೋಡಿದರು. ಟವಲಿನಿಂದ ತಮ್ಮ ಮುಖವನ್ನೇ ಒರೆಸಿಕೊಂಡರು.

"ದೇವ್ರ ಮೈಮೇಲಿನ ಕುಂಕುಮ ಯಾರೂ ಒರ್ಸಲ್ಲ ಸಾವ್ಕಾರ್ರೆ, ಅಭಿಷೇಕ ಮಾಡ್ತಾರೆ. ಅದೇ ಇಳ್ದು ಹೋಗ್ತದೆ. ಪೈಪು ಕೊಡಿ, ಇದ್ರ ನೀರಲ್ಲೇ ಇದಕ್ಕೆ ಮಾಡ್ತೀನಿ."

"ಗಾಜು ಒಡೆದ್ರೆ?"

"ಒಡೆದ್ರೆ ಪೈಪು ಮತ್ತೆ ಕೇಳಲ್ಲ."

ನೀರು ಬೀಳದಂತೆ ಮೋಟಾರಿಗೆ ಗೋಣಿ ಹೊದಿಸಿ ಶುರು ಮಾಡಿದರು. ಗುತ್ಯಮ್ಮ ಪೈಪನ್ನು ನೆಲದ ಕಡೆ ಹಿಡಿದು ಹರಿಹರನಿಗೆ, "ಸಡ್ಲ ಮಾಡಿ ಹರಿಹರಯ್ಯ. ಇನ್ನೂ. ಇದು ಗಾಡಿಗಾಯ್ತು, ದೇವ್ರಿಗಲ್ಲ. ಇನ್ನೂ" ಎನ್ನುತ್ತಾ ಹೋದಳು. ಚಿಮ್ಮುತ್ತಿದ್ದ ನೀರು ಬಾಗಿತು, ಸಣ್ಣದಾಯಿತು. ತನ್ನ ಕಣ್ಣರೆಪ್ಪೆಯ ಮೇಲೆ ಒಮ್ಮೆ ಬಿಟ್ಟುಕೊಂಡು ನೋಡಿದಳು. ಗಿಂಡಿಯಿಂದ ಬೀಳುವ ಧಾರೆಯಷ್ಟು ಮೆತ್ತಗಾದ ಮೇಲೆ ಗಾಜಿನ ನೆತ್ತಿಗೆ ಹಿಡಿದು, "ಸಿಗಂದೂರು ತಾಯಿ" ಎಂದಳು. ಆ ಕ್ಷಣ ಅವಳ ಮುಖದಲ್ಲಿ ತುಂಟತನವಿರಲಿಲ್ಲ.

ಅರಿಸಿನ ಕುಂಕುಮ ಕರಗಿ ಇಳಿಯಿತು. ಬೆಳ್ಳಪ್ಪ ಕೈ ಮುಗಿದ. ಅತ್ತ ಇತ್ತ ನೋಡಿ ಮಂಜುನಾಥಪ್ಪನವರೂ ಮುಗಿದರು. ಗಾಜಿನೊಳಗೆ ಮುಳ್ಳು ತಳದಲ್ಲಿ ಮಲಗಿತ್ತು.

"ಈಗ ನೋಡ್ಕಂಡು ಏರ್ಸಿ."

ಮುಳ್ಳು ಮೇಲೆದ್ದು ಕೆಂಪು ಗೆರೆಗಿಂತ ಸಾಕಷ್ಟು ಕೆಳಗೆ ನಿಂತಿತು. ಗುತ್ಯಮ್ಮ ಬಸ್ಸಿನ ಸುತ್ತ ಒಂದು ಸುತ್ತು ಬಂದಳು. ದಾರಿಯ ಕೆಸರೆಲ್ಲ ಹೋಯಿತು, ಉಳಿದಿದ್ದ ಹಳದಿ ಬಣ್ಣ ಅಲ್ಲೇ ಉಳಿಯಿತು.

"ಪೈಪು ನಿನ್ನ ಹತ್ರನೇ ಇರ್ಲಿ" ಎಂದರು ಮಂಜುನಾಥಪ್ಪ, ಒದ್ದೆ ಟೋಪಿ ಹಿಂಡುತ್ತ. ಸಂಜೆಯ ಬಸ್ಸು ಹೊರಡುವುದರಲ್ಲಿತ್ತು. "ನಿನ್ನ ಮನೆ ಹೊಸನಗರದ ರಸ್ತೇಲೇ ಅಲ್ವಾ? ಹತ್ತು. ಮುಂದಿನ ಸೀಟಲ್ಲಿ ಕೂತ್ಕ, ಬೆಳ್ಳಪ್ಪ ಇಳಿಸ್ತಾನೆ. ಟಿಕೇಟು ಬೇಡ."

ಗುತ್ಯಮ್ಮ ಫಳಫಳ ಹೊಳೆಯುತ್ತಿದ್ದ ಮೆಟ್ಟಿಲು ನೋಡಿದಳು. ಮೊಣಕಾಲಿನವರೆಗೆ ಕೆಸರು ಮೆತ್ತಿದ್ದ ತನ್ನ ಕಾಲು ನೋಡಿಕೊಂಡಳು.

"ಬ್ಯಾಡಿ ಸಾವ್ಕಾರ್ರೆ, ನಡ್ಕಂಡೇ ಹೋಗ್ತೀನಿ. ಇವತ್ತು ಹತ್ತಿದ್ರೆ ನಾಳೆ ನನ್ ಕೆಸ್ರು ನಾನೇ ತೊಳೀಬೇಕಾಗ್ತದೆ."