ಒಂದೇ ಇಂಜಿನ್ನಿನ ವಿಮಾನ

ಪೈಲಟ್ ಲೈಸೆನ್ಸ್ ಬಂದ ಮೇಲೆ ನಾನು ಕೊಳ್ಳಬೇಕೆಂದಿದ್ದ ಹಳೆಯ ವಿಮಾನಕ್ಕೆ ಒಂದೇ ಇಂಜಿನ್. ಎರಡಿಲ್ಲದಿದ್ದರೆ ಹತ್ತುವುದಿಲ್ಲವೆಂದು ಹೆಂಡತಿ ಹಟ ಹಿಡಿದಿದ್ದಳು. ಲಿಂಗಸುಗೂರಿನಿಂದ ಸಿಂಧನೂರಿಗೆ ಕಾರಿನಲ್ಲಿ ಬರುವಾಗಲೂ ಅದೇ ಮಾತು.

"ಎರಡರಾಗ ಒಂದು ನಿಂತ್ರ ವಿಮಾನ ಒಂದ ಕಡೆ ಎಳೀತದ. ಜೋಡೆತ್ತಿನಾಗ ಒಂದು ಮಲಗಿದ್ರ ಬಂಡಿ ಹೊಳ್ಳತದಲ್ಲ, ಹಂಗ. ನನ್ನಂಥ ಹೊಸಬಗ ಸಂಭಾಳಿಸೋದು ಕಷ್ಟ," ಎಂದೆ.

"ನಿಮ್ಮ ಒಂಟೆತ್ತು ಮಲಗಿದ್ರ?"

"ಹೊಲದಾಗ ಇಳಿಸಬೇಕು."

ಅವಳು ಕಿಟಕಿಯಾಚೆ ನೋಡತೊಡಗಿದಳು. ಸಂತೆಕಲ್ಲೂರು ದಾಟಿ ಮಸ್ಕಿಯ ತನಕ ಜೋಳ ಕೊಯ್ದ ಒಣ ಹೊಲಗಳಿದ್ದವು. ಹಾಗೆಂದು ನನ್ನ ನೆನಪು, ಅದನ್ನು ಪೂರ್ತಿ ನಂಬುವುದಿಲ್ಲ. ಆಮೇಲೆ ನೀರು ನಿಂತ ಭತ್ತದ ಗದ್ದೆಗಳು ಬಂದವು.

"ಈ ಕಡೆ ಬರಬ್ಯಾಡ್ರಿ. ಸಂತೆಕಲ್ಲೂರ ಕಡೆನೇ ಹಾರಸ್ರಿ, ನಾ ಕೂಡ್ತೀನಿ," ಎಂದಳು.

ಒಂದು ಇಂಜಿನ್ನಿನದನ್ನೇ ಕೊಂಡೆ. ಈಗ ಹಾರುವಾಗ ಇಳಿಯುವ ಹೊಲವನ್ನು ಅವಳೇ ಹುಡುಕುತ್ತಾಳೆ.