ಮೊದಲ ತುತ್ತು ವೆಲ್ಡಾಳದ್ದು

ಅಮೆರಿಕದ ನಮ್ಮ ಓಝಾರ್ಕ್ ಗುಡ್ಡಗಳ ಕಡೆ ಹೋರಿಯನ್ನು ಜೀವಂತ ಇರುವಾಗಲೇ ಮಾರಬೇಕು. ಅದು ಹುಲ್ಲು ಮೇಯುತ್ತಿರುವಾಗಲೇ ಅರ್ಧ ನನಗೆ, ಕಾಲು ನಿನಗೆ ಎಂದು ಮೂರು ನಾಲ್ಕು ಮನೆಯವರು ಹಂಚಿಕೊಂಡುಬಿಡುತ್ತಾರೆ. ಆಮೇಲೆ ಊರಿನ ಕಸಾಯಿಖಾನೆಯವನು ಕಡಿಯುವುದು ಅವರ ಹೋರಿಯನ್ನು, ಸಾಕಿದವನದ್ದನ್ನಲ್ಲ. ಅದಕ್ಕೇ ಪೊಟ್ಟಣಗಳ ಮೇಲೆ ‘ಮಾರಾಟಕ್ಕಲ್ಲ’ ಎಂಬ ಮುದ್ರೆ. ಸರ್ಕಾರದವರು ಬಂದು ಮಾಂಸ ನೋಡಿ ಒಪ್ಪಿಗೆಯ ಠಸ್ಸೆ ಒತ್ತುವ ಪದ್ಧತಿ ಇಲ್ಲಿಲ್ಲ. ಹಾಗಾದರೆ ಕೊಳ್ಳುವವನು ಯಾವ ಧೈರ್ಯದ ಮೇಲೆ ಇಡೀ ಚಳಿಗಾಲದ ಮಾಂಸ ಒಯ್ದು ಫ್ರೀಜರಿಗೆ ತುಂಬಬೇಕು? ನಂಬಿಕೆಯ ಮೇಲೆ. ಹೋರಿ ಸಾಕುವ ಸ್ಕ್ಯಾಗ್ಸ್ ಮನೆಯ ಮಾಂಸದ ಮಟ್ಟಿಗೆ ಆ ನಂಬಿಕೆ ಇದ್ದದ್ದು ಆ ಮನೆಯ ಸೊಸೆ ವೆಲ್ಡಾಳ ಬಾಯಿಯಲ್ಲಿ.

ಅದನ್ನು ಶುರುಮಾಡಿದ್ದು ಅವಳ ಅತ್ತೆ. ಗಿರಾಕಿಗಳು ಮಾಂಸ ಒಯ್ಯಲು ಬರುವ ದಿನ ಕಸಾಯಿಖಾನೆಯ ಅಂಗಳದಲ್ಲಿ ಪಿಕಪ್ಪಿನ ಹಿಂಬಾಗಿಲು ಕೆಳಗಿಳಿಸಿ, ಅದರ ಮೇಲೆ ಒಲೆ ಇಟ್ಟು, ಮೊದಲ ಪೊಟ್ಟಣ ಒಡೆದು ಕಬ್ಬಿಣದ ಬಾಣಲೆಯಲ್ಲಿ ಹುರಿಯುವುದು. ಎಲ್ಲರ ಕಣ್ಣೆದುರು ಮನೆಯ ಹೆಂಗಸು ಮೊದಲು ತಿನ್ನುವುದು. ಅತ್ತೆಗೆ ಹಲ್ಲು ಹೋದ ಮೇಲೆ ಆ ಕೆಲಸ ಸೊಸೆಗೆ ಬಂತು. ವೆಲ್ಡಾಗೆ ಹೇಳಿ ಮಾಡಿಸಿದ ಕೆಲಸ ಅದು! ಶಾಲೆಯ ಬಸ್ಸು ಓಡಿಸುವ ಹೆಂಗಸು, ಗಟ್ಟಿ ಗಂಟಲು, ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದು. ಅವಳು ಚಪ್ಪರಿಸಿ ತಿನ್ನುವುದನ್ನು ನೋಡಲಿಕ್ಕೇ ಜನ ಬೇಗ ಬರುತ್ತಿದ್ದರು.

ಈ ವರ್ಷ ವಸಂತದಲ್ಲಿ ಬೇಲಿ ಕಟ್ಟುವಾಗ ಅವಳ ಮಂಡಿಯ ಹಿಂದೆ ರಕ್ತ ಹೀರುವ ಉಣುಗೊಂದು ಕಚ್ಚಿತು. ದನ ಸಾಕುವವರಿಗೆ ಉಣುಗೇನು ಹೊಸದಲ್ಲ, ಕಿತ್ತೆಸೆದಳು. ಕೆಲವು ವಾರ ಕಳೆದು, ಎಂದಿನಂತೆ ಮಧ್ಯಾಹ್ನ ದನದ ಮಾಂಸ ತಿಂದವಳಿಗೆ ಸಂಜೆ ಮೈಯೆಲ್ಲ ದದ್ದು, ಗಂಟಲು ಕಟ್ಟಿ ಉಸಿರು ಸಿಗದೆ ಒದ್ದಾಡಿದಳು. ನಗರದ ಡಾಕ್ಟರು ರಕ್ತ ನೋಡಿ ಹೇಳಿದರು: ಆ ಹುಳದ ಕಡಿತದಿಂದ ಇನ್ನು ದನದ ಮಾಂಸ ನಿನಗಾಗದು, ತಿಂದ ಕೆಲವು ಗಂಟೆಗಳ ಮೇಲೆ ಮೈಗೆ ವಿಷದಂತೆ ಏರುತ್ತದೆ, ಮುಂದಿನ ಸಲ ಉಳಿಯುತ್ತೀಯೆಂಬ ಭರವಸೆ ನನಗಿಲ್ಲ. ಆಪತ್ತಿಗಿರಲಿ ಎಂದು ತಾನೇ ತೊಡೆಗೆ ಚುಚ್ಚಿಕೊಳ್ಳುವ ಒಂದು ಇಂಜೆಕ್ಷನ್ನನ್ನೂ ಕೊಟ್ಟು ಕಳಿಸಿದರು.

ಹೋರಿ ಸಾಕುವ ಮನೆಯ ಯಜಮಾನಿಗೆ ಹೋರಿಯ ಮಾಂಸವೇ ವಿಷ! ನಗಬೇಕೋ ಅಳಬೇಕೋ ನೀವೇ ಹೇಳಿ. ವೆಲ್ಡಾ ನಕ್ಕುಕೊಂಡೇ ಊರಿಗೆಲ್ಲ ಹೇಳುತ್ತಿದ್ದಳು, ಗಂಡ ಡೆಲ್ಮರ್ ತಡೆಯದಿದ್ದರೆ.

“ಯಾರ ಹತ್ರನೂ ಬಾಯಿ ಬಿಡ್ಬೇಡ ಕಣೇ. ಸ್ಕ್ಯಾಗ್ಸ್ ಮನೆಯವಳೇ ಅವರ ಮಾಂಸ ಮುಟ್ಟಲ್ವಂತೆ ಅಂತ ಡಂಗುರ ಆಗುತ್ತೆ. ಆಮೇಲೆ ಹೋರಿಗಳನ್ನ ನಾನೇ ತಿನ್ನಬೇಕಷ್ಟೆ.”

“ಮತ್ತೆ ಮಾಂಸ ಕೊಡೋ ದಿನ ಏನ್ ಮಾಡ್ಲಿ?”

“ಅದಿನ್ನೂ ದೂರ ಇದೆ ಬಿಡು.”

ದೂರ ಇದ್ದದ್ದು ಹತ್ತಿರ ಬರದೆ ಇರುತ್ತದೆಯೇ? ಬೇಸಿಗೆಯೆಲ್ಲ ವೆಲ್ಡಾ ಕಳ್ಳಿಯಾಗಿ ಬದುಕಿದಳು. ಚರ್ಚಿನ ಊಟದಲ್ಲಿ ತಟ್ಟೆಗೆ ಮಾಂಸ ಹಾಕಿಸಿಕೊಂಡು, ಮರದ ಮರೆಗೆ ಹೋಗಿ ನಾಯಿಗೆ ಹಾಕಿ ಬರುವಳು. ಒಳಗೊಳಗೇ ಕುದಿಯುವಳು. ಮಾಗಿ ಬಂದಾಗ ಒಂದು ದಿನ ನೇರವಾಗಿ ಹೇಳಿಬಿಟ್ಟಳು: “ನನ್ನ ಕೈಲಾಗಲ್ಲ ಡೆಲ್ಮರ್. ಹೆದರಿಕೆ ಆಗುತ್ತೆ.”

“ನಾನೇನು ಬಲವಂತ ಮಾಡಲ್ಲಪ್ಪ,” ಎಂದ ಅವನು. ಅಷ್ಟೇ. ಅಂದಿನಿಂದ ಮಾತು ನಿಲ್ಲಿಸಿದ. ಊಟಕ್ಕೆ ಕರೆದರೆ ಕೊಟ್ಟಿಗೆಯಲ್ಲಿ ಕೆಲಸ ಇದೆ ಎನ್ನುವನು, ತಟ್ಟೆ ಹಾಗೇ ಆರುತ್ತಿತ್ತು. ಇದಕ್ಕಿಂತ ಬಲವಂತ ಬೇಕೇ? ಬೈದಿದ್ದರೆ ತಿರುಗಿ ಬೈಯುತ್ತಿದ್ದಳು. ಈ ಮೌನಕ್ಕೆ ಎದುರು ನಿಲ್ಲುವುದು ಮದುವೆಯಾದಾಗಿನಿಂದ ಅವಳಿಗೆ ಬಂದಿರಲಿಲ್ಲ. ಕೊನೆಗೆ ಅವಳೇ ಸೋತು, “ಒಂದೇ ಒಂದು ತುತ್ತು. ಆದ ಮೇಲೆ ನೇರ ಆಸ್ಪತ್ರೆ ಮುಂದೆ ಗಾಡಿ ನಿಲ್ಸಿ ಕೂತ್ಕೋಬೇಕು,” ಎಂದಳು.

“ಆಗ್ಲಿ,” ಎಂದ. ಅಷ್ಟು ಬೇಗ ಒಪ್ಪಿದ್ದಕ್ಕೇ ಅವಳಿಗೆ ನೋವಾಯಿತು.

ಮಾಂಸ ಕೊಡುವ ದಿನ ಕಸಾಯಿಖಾನೆಯ ಅಂಗಳ ತುಂಬ ಜನ. ಅಂಚೆ ಹಂಚಿ ನಿವೃತ್ತನಾದ ಹಾಯ್ಟ್ ಬಂದವನೇ, “ಏನ್ ವೆಲ್ಡಾ, ಸೊರಗಿದೀಯಲ್ಲ? ಗಂಡ ಮಾಂಸ ಎಲ್ಲಾ ನಮಗೆ ಮಾರಿ ನಿಂಗೆ ಸೊಪ್ಪು ಹಾಕ್ತಿದಾನಾ?” ಎಂದ.

“ನಿನ್ನ ಫ್ರೀಜರ್ ತುಂಬೋಕೇ ಸಾಲ್ತಿಲ್ವಲ್ಲೋ ಮುದುಕ, ಇನ್ನು ನನಗೆಲ್ಲಿ ಉಳಿಯುತ್ತೆ!”

ಎಲ್ಲರೂ ನಕ್ಕರು. ಆಸ್ಪತ್ರೆಯ ನರ್ಸು ಟ್ವೈಲಾ ಇದೇ ಮೊದಲ ಸಲ ಕಾಲುಪಾಲು ಕೊಂಡಿದ್ದಳು. “ಇದನ್ನ ನನ್ನ ಮಕ್ಕಳು ತಿನ್ನೋದು, ವೆಲ್ಡಾ ಅವರೇ. ನೀವು ಮೊದ್ಲು ತಿಂದು ತೋರಿಸ್ತೀರಿ ಅಂದ್ರು, ಅದಕ್ಕೇ ಧೈರ್ಯ ಮಾಡಿದೆ,” ಎಂದಳು.

ಬಾಣಲೆಯ ಹೊಗೆ ಮುಖಕ್ಕೆ ತಾಗದಂತೆ ವೆಲ್ಡಾ ಒಂದು ಹೆಜ್ಜೆ ಹಿಂದೆ ಸರಿದಳು. ಡೆಲ್ಮರ್ ಒಂದು ತುಂಡು ಕತ್ತರಿಸಿ ಫೋರ್ಕಿಗೆ ಚುಚ್ಚಿದ. ಈಗಲಾದರೂ ಬೇಡ ಎನ್ನುತ್ತಾನೇನೋ, ಕೈ ತಪ್ಪಿದಂತೆ ಕೆಳಗೆ ಬೀಳಿಸುತ್ತಾನೇನೋ ಎಂದು ಅವನ ಮುಖವನ್ನೇ ನೋಡಿದಳು. ಅವನು ಅವಳ ಕಡೆ ನೋಡಲಿಲ್ಲ. ಜನರ ಕಡೆ ತಿರುಗಿ, “ಮೊದಲ ತುತ್ತು ವೆಲ್ಡಾಳದ್ದು!” ಎಂದು ಕೂಗಿ ಫೋರ್ಕು ಮುಂದೆ ಚಾಚಿದ.

ಅಗಿದು ಕರವಸ್ತ್ರಕ್ಕೆ ಉಗಿಯೋಣವೆಂದುಕೊಂಡಿದ್ದಳು. ಅಷ್ಟು ಕಣ್ಣುಗಳ ನಡುವೆ ಹೇಗೆ ಉಗಿಯುವುದು? ಅಗಿದಳು. ಅಯ್ಯೋ, ಎಷ್ಟು ರುಚಿಯಾಗಿತ್ತು! ಕಣ್ಣಲ್ಲಿ ನೀರು ಬಂತು. ನುಂಗಿ, “ಚೆನ್ನಾಗಿದೆ, ತಗೊಂಡು ಹೋಗಿ,” ಎಂದಳು.

ಎಲ್ಲ ಮುಗಿದ ಮೇಲೆ ಗಂಡ ಹೆಂಡತಿ ಆಸ್ಪತ್ರೆಯ ಮುಂದೆ ಪಿಕಪ್ಪಿನಲ್ಲಿ ಕುಳಿತರು. ಬಿಸಿಲು ಇಳಿಯತೊಡಗಿತು. ಡೆಲ್ಮರನಿಗೆ ಮಾತು ಮರಳಿ ಬಂದಿತ್ತು.

“ಹಾಯ್ಟ್‌ಗೆ ಮುಂದಿನ ವರ್ಷ ಅರ್ಧ ಬೇಕಂತೆ. ನೋಡಿದ್ಯಾ, ಏನೂ ಆಗ್ಲಿಲ್ಲ. ಮುಂದಿನ ವರ್ಷನೂ ಹೀಗೇ ಮಾಡಿದ್ರಾಯ್ತು.”

ಮುಂದಿನ ವರ್ಷ! ಒಂದು ತುತ್ತಿಗೆ ಮುಗಿಯಿತೆಂದುಕೊಂಡಿದ್ದಳು ಪಾಪ. ಪ್ರತಿ ಮಾಗಿಯಲ್ಲೂ ಆ ಫೋರ್ಕು ಹೀಗೇ ಮುಂದೆ ಬರುತ್ತದೆ, ತಾನು ಸಾಯುವ ತನಕ. ಆಗಲೇ ಅಂಗೈ ನವೆ ಶುರುವಾಯಿತು. ತುಟಿ ಬಿಗಿಯಿತು.

“ಡೆಲ್ಮರ್, ಶುರುವಾಯ್ತು. ಒಳಗೆ ಹೋಗೋಣ.”

ಅವನು ಗಾಜಿನ ಬಾಗಿಲ ಕಡೆ ನೋಡಿದ. ಟ್ವೈಲಾ ಆಗಷ್ಟೇ ಪಾಳಿಗೆ ಬಂದು ಕೌಂಟರಿನ ಹಿಂದೆ ನಿಂತಿದ್ದಳು.

“ಅಲ್ಲಿ ಆ ಟ್ವೈಲಾ ಇದಾಳೆ ಕಣೇ. ನಿನ್ನ ಹತ್ರ ಡಾಕ್ಟರ್ ಕೊಟ್ಟ ಇಂಜೆಕ್ಷನ್ ಇದೆಯಲ್ಲ, ಚುಚ್ಕೋ. ಪಕ್ಕದ ಊರಿನ ಆಸ್ಪತ್ರೆಗೆ ಹೋಗ್ಬಿಡೋಣ, ಅರ್ಧ ಗಂಟೆ ಅಷ್ಟೇ.”

ಹೇಳುತ್ತಲೇ ಕೀಲಿ ತಿರುಗಿಸಿದ. ಗಾಡಿ ಹಿಂದಕ್ಕೆ ಸರಿಯಿತು.

ವೆಲ್ಡಾ ತೊಡೆಗೆ ಇಂಜೆಕ್ಷನ್ ಚುಚ್ಚಿಕೊಂಡು, ಚಲಿಸುತ್ತಿದ್ದ ಗಾಡಿಯ ಬಾಗಿಲನ್ನೇ ತೆರೆದಳು. ಅವನು ಗಾಬರಿಯಿಂದ ಬ್ರೇಕ್ ಒತ್ತಿದ. ಅವಳು ಇಳಿದು, ಗೋಡೆ ಹಿಡಿದುಕೊಂಡು ಒಳಗೆ ಹೋದಳು.

“ವೆಲ್ಡಾ ಅವರೇ! ಮುಖ ಎಲ್ಲಾ ಊದಿದೆಯಲ್ಲ! ಏನು ತಿಂದ್ರಿ?” ಟ್ವೈಲಾ ಓಡಿ ಬಂದು ತೋಳು ಹಿಡಿದುಕೊಂಡಳು.

“ನೀನೇ ನೋಡಿದ್ಯಲ್ಲಮ್ಮ. ಮಾಂಸ ಚೆನ್ನಾಗೇ ಇದೆ, ಮಕ್ಕಳಿಗೆ ಕೊಡು. ನನಗಾಗಲ್ಲ. ವಸಂತದಲ್ಲಿ ಉಣುಗು ಕಚ್ಚಿದಾಗಿಂದ ನನಗಾಗಲ್ಲ.”

ಟ್ವೈಲಾ ಡಾಕ್ಟರನ್ನು ಕೂಗಿ ಕರೆದು, ಗಾಲಿಕುರ್ಚಿ ಎಳೆದು ಅವಳನ್ನು ಕೂರಿಸಿದಳು. “ಅಯ್ಯೋ ದೇವರೇ, ಗೊತ್ತಿದ್ದೂ ಯಾಕೆ ತಿಂದ್ರಿ?”

ವೆಲ್ಡಾ ಕತ್ತು ತಿರುಗಿಸಿ ನೋಡಿದಳು. ಡೆಲ್ಮರ್ ಟೋಪಿ ಕೈಯಲ್ಲಿ ಹಿಡಿದು ಗಾಜಿನ ಬಾಗಿಲ ಆಚೆಯೇ ನಿಂತಿದ್ದ, ಒಳಗೆ ಬಂದಿರಲಿಲ್ಲ.

“ಅವನನ್ನ ಕೇಳು,” ಎಂದಳು.