ಚೀಟಿಯಿಲ್ಲದೆ ಬಂದವರು

ಎಂಬತ್ತನೇ ಇಸವಿಯ ಸುಮಾರಿಗೆ ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ನಾನು ರೋಗಿಗಳ ಹೆಸರು ಬರೆಯುತ್ತಿದ್ದೆ. ನನ್ನ ಮೇಜು ಎಕ್ಸ್‌ರೇ ಕೋಣೆಯ ಬಾಗಿಲ ಪಕ್ಕದಲ್ಲೇ ಇದ್ದುದರಿಂದ ಎಕ್ಸ್‌ರೇ ತೆಗೆಯುವವರ ಗೊಣಗಾಟ ಇಡೀ ದಿನ ಕೇಳುತ್ತಿತ್ತು. ಎಷ್ಟು ಹೇಳಿದರೂ ರೋಗಿಯ ಹಿಂದೆ ಮನೆಮಂದಿಯೆಲ್ಲ ಒಳಗೆ ನುಗ್ಗುತ್ತಿದ್ದರು. ಎಕ್ಸ್‌ರೇಯವರು ಒಬ್ಬೊಬ್ಬರನ್ನೇ ತೋಳು ಹಿಡಿದು ಹೊರಗೆ ಬಿಡುತ್ತಾ ಗೊಣಗುತ್ತಿದ್ದರು: “ಕಿರಣ ಕಣ್ಣಿಗೆ ಕಾಣುದಿಲ್ಲ ಅಂತ ಸುಮ್ಮನೆ ಬಿಡ್ತದಾ?”

ಹತ್ತಿರದ ಕುಂಬ್ರ ಊರಿನ ಅಜ್ಜರೊಬ್ಬರಿಗೆ ಮೊಣಕಾಲಿನ ಎಕ್ಸ್‌ರೇ ತೆಗೆದ ಮೇಲೆ ನೋವು ಕಡಿಮೆಯಾಯಿತಂತೆ. ಡಾಕ್ಟರ ಚೀಟಿಯಿಲ್ಲದೆ ಪ್ರತಿ ಸೋಮವಾರ ಬರತೊಡಗಿದರು.

“ಇದು ಮದ್ದಲ್ಲ ಅಜ್ಜ. ಸುಮ್ಮನೆ ತೆಗೆಸಿದ್ರೆ ಮೈಗೆ ಕೇಡು.”

“ನಂಗೆ ಗುಣ ಉಂಟಲ್ಲ. ಸ್ವಲ್ಪ ಬಿಡಿ ಮಾರಾಯ್ರೆ.”

ನಾಲ್ಕನೇ ಸೋಮವಾರ ಎಕ್ಸ್‌ರೇಯವರಿಗೆ ಸಾಕಾಗಿಹೋಯಿತು. ಅಜ್ಜನನ್ನು ಮಲಗಿಸಿದರು, ಯಂತ್ರವನ್ನು ಮೊಣಕಾಲ ಮೇಲಕ್ಕೆ ಎಳೆದರು, ಸ್ವಿಚ್ಚು ಹಾಕದೆ ಬಾಯಲ್ಲೇ “ಟಕ್” ಎಂದರು. ಅಜ್ಜ ಕೈಮುಗಿದು ಸಲೀಸಾಗಿ ನಡೆದುಹೋದರು. ಇವರು ಹಣೆ ಒತ್ತಿಕೊಂಡು ಕೂತರು.

ಮುಂದಿನ ಸೋಮವಾರ ಬಾಗಿಲಲ್ಲಿ ಕುಂಬ್ರದವರು ಏಳು ಜನ. ಯಾರ ಕೈಯಲ್ಲೂ ಚೀಟಿಯಿಲ್ಲ. ಅಜ್ಜನೇ ಎದುರು ನಿಂತು ಸಾಲು ಮಾಡಿಸುತ್ತಿದ್ದರು: “ಒಳಗೆ ಒಬ್ಬೊಬ್ಬರೇ ಹೋಗ್ಬೇಕು. ಕಿರಣ ಕಣ್ಣಿಗೆ ಕಾಣುದಿಲ್ಲ ಅಂತ ಸುಮ್ಮನೆ ಬಿಡ್ತದಾ?”